200 ಎಂಬಿ ಪ್ಲಾನ್, 11 ಎಂಬಿ ಸ್ಪೀಡ್: ನೆಟ್‌ವರ್ಕ್ ವೇಗ ಅಳೆಯಲು ಸರಿಯಾದ ಯೂನಿಟ್ ಆರಿಸುವುದು ಹೇಗೆ?

ಹೋದ ವರ್ಷ ತಿಪಟೂರಿನಿಂದ ಚಿಕ್ಕಪ್ಪ ಫೋನ್ ಮಾಡಿದ್ದರು. ಅವರದು ಕೊಬ್ಬರಿ ವ್ಯಾಪಾರ. ಮಗಳು ಮನೆಯಿಂದಲೇ ಕೆಲಸ ಮಾಡುತ್ತಾಳೆ ಅಂತ 100 ಎಂಬಿಯ ಫೈಬರ್ ಪ್ಲಾನ್ ಬಿಟ್ಟು 200 ಎಂಬಿಯ ಪ್ಲಾನ್‌ಗೆ ಬದಲಾಯಿಸಿದ್ದರು.

"ಏನಪ್ಪಾ ಇದು, 200 ಎಂಬಿ ಅಂತ ತಿಂಗಳು ತಿಂಗಳು ದುಡ್ಡು ಕಟ್ತಿದೀನಿ. ಕಂಪ್ಯೂಟರಲ್ಲಿ ನೋಡಿದ್ರೆ 11.2 ಎಂಬಿ ತೋರಿಸ್ತಿದೆ. ಇಷ್ಟೊಂದು ಮೋಸಾನಾ?"

ಕಸ್ಟಮರ್ ಕೇರ್‌ನವರಿಗೂ ಕೇಳಿದ್ದರಂತೆ. "ಸರ್, ಅದು ಬೇರೆ ಎಂಬಿ, ಇದು ಬೇರೆ ಎಂಬಿ. ನಿಮ್ಮ ಲೈನ್ ಸರಿಯಾಗೇ ಇದೆ" ಅಂತ ಹೇಳಿ ಫೋನ್ ಇಟ್ಟರಂತೆ.

ಎಂಬಿಯಲ್ಲಿ ಎರಡು ಬಗೆ ಇದೆ ಅನ್ನುವುದು ನಿಜ. ಆದರೆ ಲೈನ್ ಸರಿಯಾಗಿ ಇರಲಿಲ್ಲ. ತೊಂದರೆ ಎಲ್ಲಿದೆ ಅನ್ನುವುದು ಆ 11.2 ಎಂಬ ಅಂಕಿಯಲ್ಲೇ ಅಡಗಿತ್ತು. ಯೂನಿಟ್ ಗೊತ್ತಿದ್ದರೆ ಅದನ್ನು ಫೋನಿನಲ್ಲೇ ಕಂಡುಹಿಡಿಯಬಹುದು. ಈ ಬರಹದಲ್ಲಿ ಅದೇ 11.2 ಅನ್ನು ಹಿಡಿದುಕೊಂಡು ಒಂದೊಂದೇ ಹೆಜ್ಜೆ ಹೋಗೋಣ. ನಡುನಡುವೆ ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವವರಿಗೆ ಬೇಕಾದ ವಿಷಯಗಳೂ ಬರುತ್ತವೆ. ಮನೆಯ ಲೈನ್ ಮಾತ್ರ ನೋಡಿಕೊಳ್ಳುವವರು ಅವನ್ನು ದಾಟಿಕೊಂಡು ಹೋಗಬಹುದು.

ಹೆಜ್ಜೆ 1: ನಿಮ್ಮ ಪ್ರಶ್ನೆ ಏನು ಅಂತ ಮೊದಲು ಗೊತ್ತು ಮಾಡಿಕೊಳ್ಳಿ

ಮಳೆಗಾಲದಲ್ಲಿ ಪೇಪರ್ ತೆಗೆದರೆ ಕೆಆರ್‌ಎಸ್ ಅಣೆಕಟ್ಟಿನ ಲೆಕ್ಕ ಇದ್ದೇ ಇರುತ್ತದೆ. ನೀರಿನ ಮಟ್ಟ ಅಡಿಯಲ್ಲಿ. 124.80 ಅಡಿ ಮುಟ್ಟಿದರೆ ಭರ್ತಿ. ಸಂಗ್ರಹ ಟಿಎಂಸಿಯಲ್ಲಿ. ಒಳಹರಿವು, ಹೊರಹರಿವು ಕ್ಯುಸೆಕ್‌ನಲ್ಲಿ. ನೀರು ಒಂದೇ, ಅಳತೆ ಮೂರು. ನದಿ ಪಾತ್ರದಲ್ಲಿ ಇರುವವರಿಗೆ ಹೊರಹರಿವಿನ ಕ್ಯುಸೆಕ್ ಬೇಕು. ಬೇಸಿಗೆಗೆ ಸಾಕಾಗುತ್ತದಾ ಅಂತ ಯೋಚಿಸುವ ರೈತರಿಗೆ ಟಿಎಂಸಿ ಬೇಕು. ಅಣೆಕಟ್ಟಿನಲ್ಲಿ ಎಷ್ಟು ಕ್ಯುಸೆಕ್ ನೀರಿದೆ ಅಂತ ಯಾರೂ ಕೇಳುವುದಿಲ್ಲ. ಯಾಕೆಂದರೆ ಕ್ಯುಸೆಕ್ ಹರಿವಿನ ಅಳತೆ. ಸೆಕೆಂಡಿಗೆ ಒಂದು ಘನ ಅಡಿ. ಟಿಎಂಸಿ ಮೊತ್ತದ ಅಳತೆ. ನೂರು ಕೋಟಿ ಘನ ಅಡಿ. ಒಂದರಿಂದ ಇನ್ನೊಂದಕ್ಕೆ ಹೋಗಬೇಕಾದರೆ ನಡುವೆ ಸಮಯ ಬೇಕು. 11,574 ಕ್ಯುಸೆಕ್ ಇಡೀ ದಿನ ಹರಿದರೆ ಒಂದು ಟಿಎಂಸಿ.

ನೆಟ್‌ವರ್ಕ್‌ನಲ್ಲೂ ಹೀಗೇ.

ಪೈಪ್ ಎಷ್ಟು ದೊಡ್ಡದು, ಈಗ ಎಷ್ಟು ಹರಿಯುತ್ತಿದೆ ಅನ್ನುವ ಪ್ರಶ್ನೆಗೆ ಸೆಕೆಂಡಿಗೆ ಇಷ್ಟು ಬಿಟ್ (0 ಅಥವಾ 1 ಎಂಬ ಒಂದು ಅಂಕಿ) ಅನ್ನುವ ಲೆಕ್ಕ. ಒಟ್ಟು ಎಷ್ಟು ಡೇಟಾ ಖರ್ಚಾಯಿತು, ಫೈಲ್ ಎಷ್ಟು ದೊಡ್ಡದು ಅನ್ನುವುದಕ್ಕೆ ಬೈಟ್. ಹೋಗಿ ಬರಲು ಎಷ್ಟು ಹೊತ್ತು ಅನ್ನುವುದಕ್ಕೆ ಮಿಲಿಸೆಕೆಂಡ್. ರೂಟರ್, ಫೈರ್‌ವಾಲ್‌ಗಳಿಗೆ (ನೆಟ್‌ವರ್ಕ್‌ನ ಕಾವಲು ಯಂತ್ರ) ಎಷ್ಟು ಕೆಲಸ ಬೀಳುತ್ತಿದೆ ಅನ್ನುವುದಕ್ಕೆ ಸೆಕೆಂಡಿಗೆ ಇಷ್ಟು ಪ್ಯಾಕೆಟ್, ಅಂದರೆ ಡೇಟಾದ ಕಟ್ಟು.

ಜನ ಎಡವುವುದು ಹೆಚ್ಚಾಗಿ ಮೊದಲ ಎರಡರ ನಡುವೆ. "ದಿನಕ್ಕೆ 1.5 ಜಿಬಿ ಪ್ಲಾನ್" ಟಿಎಂಸಿ ಥರದ್ದು. "200 ಎಂಬಿಪಿಎಸ್ ಪ್ಲಾನ್" ಕ್ಯುಸೆಕ್ ಥರದ್ದು. ಎರಡನ್ನೂ ನಾವು ಬಾಯಲ್ಲಿ ಸುಮ್ನೆ "ಎಂಬಿ", "ಜಿಬಿ" ಅಂದುಬಿಡುತ್ತೇವೆ.

ಚಿಕ್ಕಪ್ಪನ ಪ್ರಶ್ನೆ ಹರಿವಿನದು. ಹಾಗಾಗಿ ನಮಗೆ ಬೇಕಾದದ್ದು ಸೆಕೆಂಡಿಗೆ ಇಷ್ಟು ಬಿಟ್ ಅನ್ನುವ ಅಂಕಿ.

ಹೆಜ್ಜೆ 2: ಬಿಟ್ಟಾ, ಬೈಟಾ ನೋಡಿ

"ಚಿಕ್ಕಪ್ಪ, ಆ 11.2ರ ಮುಂದೆ ಏನು ಬರೆದಿದೆ, ಒಂದೊಂದೇ ಅಕ್ಷರ ಓದಿ" ಅಂದೆ.

"ಎಂ, ಬಿ, ಆಮೇಲೆ ಒಂದು ಅಡ್ಡಗೆರೆ, ಎಸ್."

"ಬಿ ದೊಡ್ಡದೋ ಚಿಕ್ಕದೋ?"

"ದೊಡ್ಡದು."

ಇಂಗ್ಲಿಷ್‌ನಲ್ಲಿ ಬರೆಯುವಾಗ ಚಿಕ್ಕ ಬಿ ಅಂದರೆ ಬಿಟ್, ದೊಡ್ಡ ಬಿ ಅಂದರೆ ಬೈಟ್. ಒಂದು ಬೈಟ್‌ಗೆ 8 ಬಿಟ್. ಚಿಕ್ಕಪ್ಪನ ಕಂಪ್ಯೂಟರ್ ತೋರಿಸುತ್ತಿದ್ದದ್ದು ಸೆಕೆಂಡಿಗೆ 11.2 ಮೆಗಾಬೈಟ್. ಪ್ಲಾನ್ ಇದ್ದದ್ದು ಸೆಕೆಂಡಿಗೆ 200 ಮೆಗಾಬಿಟ್. 11.2 ಅನ್ನು 8ರಿಂದ ಗುಣಿಸಿದರೆ 89.6 ಮೆಗಾಬಿಟ್.

ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಲಿಲ್ಲ. "ಮಂಡಿಯಲ್ಲಿ ಕ್ವಿಂಟಲ್ ರೇಟು, ಅಂಗಡೀಲಿ ಕೆಜಿ ರೇಟು ಇದ್ದಂಗೆ" ಅಂದರು. "ಆದ್ರೂ 200 ಬರ್ಲಿಲ್ವಲ್ಲ?" ಅಂತಲೂ ಕೇಳಿದರು. ಕಸ್ಟಮರ್ ಕೇರ್‌ನವರು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದೇ ಆಗಿತ್ತು.

ಎರಡು ಅಳತೆ ಯಾಕೆ ಬಂತು? ತಂತಿಯಲ್ಲಿ ಬಿಟ್‌ಗಳು ಒಂದರ ಹಿಂದೆ ಒಂದು ಹೋಗುತ್ತವೆ. ಸೆಕೆಂಡಿಗೆ ಎಷ್ಟು ದಾಟಿದವು ಅಂತ ಎಣಿಸುವುದು ಟೆಲಿಫೋನ್ ಎಂಜಿನಿಯರ್‌ಗಳ ರೂಢಿ. ಡಿಸ್ಕ್, ಮೆಮೊರಿ ಮಾಡುವವರಿಗೆ ಅಕ್ಷರಗಳನ್ನು ಇಡುವ ಕೆಲಸ. ಅವರಿಗೆ ಬೈಟ್ ಅನುಕೂಲ. ಮೊದಮೊದಲು ಬೈಟ್ ಅಂದರೆ ಎಲ್ಲ ಯಂತ್ರದಲ್ಲೂ 8 ಬಿಟ್ ಇರಲಿಲ್ಲ. ಅದಕ್ಕೇ ನೆಟ್‌ವರ್ಕ್ ನಿಯಮ ಬರೆದವರು ಬೈಟ್ ಅನ್ನದೆ "ಆಕ್ಟೆಟ್", ಅಂದರೆ ಎಂಟರ ಗುಂಪು, ಅಂತ ಬರೆದರು. ಈ ಪದ ಮುಂದೆ ಒಂದು ಕಡೆ ಮತ್ತೆ ಸಿಗುತ್ತದೆ.

ಸರ್ಕಾರದ ಲೆಕ್ಕವೂ ಬಿಟ್‌ನಲ್ಲೇ. ಭಾರತದಲ್ಲಿ ಬ್ರಾಡ್‌ಬ್ಯಾಂಡ್ ಅಂತ ಕರೆಸಿಕೊಳ್ಳಲು 2004ರಲ್ಲಿ ಕನಿಷ್ಠ 256 ಕಿಲೋಬಿಟ್ ಸಾಕಿತ್ತು. 2013ರಲ್ಲಿ ಅದು 512 ಆಯಿತು. 2023ರ ಜನವರಿಯಿಂದ 2 ಮೆಗಾಬಿಟ್.

ಎಲ್ಲಿ ಯಾವುದನ್ನು ತೋರಿಸುತ್ತಾರೆ ಅನ್ನುವುದನ್ನು ಹೀಗೆ ನೆನಪಿಟ್ಟುಕೊಳ್ಳಿ. ಸ್ಪೀಡ್ ಟೆಸ್ಟ್ ಮಾಡುವ ಆ್ಯಪ್, ಪ್ಲಾನಿನ ಜಾಹೀರಾತು, ರೂಟರ್ ಪೆಟ್ಟಿಗೆಯ ಮೇಲಿನ ಬರಹ, ವಿಂಡೋಸ್ ಟಾಸ್ಕ್ ಮ್ಯಾನೇಜರ್‌ನ ನೆಟ್‌ವರ್ಕ್ ಗ್ರಾಫ್ ಬಿಟ್‌ನಲ್ಲಿ ಇರುತ್ತವೆ. ಬ್ರೌಸರ್ ಡೌನ್‌ಲೋಡ್, ಫೈಲ್ ಕಾಪಿ ಮಾಡುವ ಕಿಟಕಿ, ಟೊರೆಂಟ್ ಪ್ರೋಗ್ರಾಂ, ಎಷ್ಟೋ ಫೋನ್‌ಗಳ ಮೇಲ್ಪಟ್ಟಿಯಲ್ಲಿ ಓಡುವ ಸಣ್ಣ ಅಂಕಿ ಬೈಟ್‌ನಲ್ಲಿ ಇರುತ್ತವೆ. ಕೆಲವು ಪ್ರೋಗ್ರಾಂಗಳಲ್ಲಿ ಬದಲಾಯಿಸಿಕೊಳ್ಳಬಹುದು. ಸ್ಟೀಮ್‌ನಲ್ಲಿ ಗೇಮ್ ಇಳಿಸುವವರು ಸೆಟಿಂಗ್ಸ್‌ಗೆ ಹೋದರೆ ವೇಗವನ್ನು ಬಿಟ್‌ನಲ್ಲಿ ತೋರಿಸುವ ಆಯ್ಕೆ ಇದೆ.

ಇನ್ನೊಂದು ಮಾತು. ಇಂಗ್ಲಿಷ್‌ನಲ್ಲಿ ದೊಡ್ಡ ಎಂ ಅಂದರೆ ಮೆಗಾ, ಹತ್ತು ಲಕ್ಷ. ಚಿಕ್ಕ ಎಂ ಅಂದರೆ ಮಿಲಿ, ಸಾವಿರದಲ್ಲಿ ಒಂದು ಪಾಲು. ಬೇಕಾಬಿಟ್ಟಿ ಬರೆದರೆ ಅರ್ಥ ನೂರು ಕೋಟಿ ಪಟ್ಟು ಆಚೀಚೆ ಆಗುತ್ತದೆ. ಕನ್ನಡದಲ್ಲಂತೂ ಅಕ್ಷರಕ್ಕೆ ಚಿಕ್ಕದು ದೊಡ್ಡದು ಎಂಬ ಭೇದವೇ ಇಲ್ಲ. "ಎಂಬಿಪಿಎಸ್" ಅಂತ ಬರೆದರೆ ಬಿಟ್ಟೂ ಆಗಬಹುದು, ಬೈಟೂ ಆಗಬಹುದು. ಅದಕ್ಕೇ ನಾನು ಕನ್ನಡದಲ್ಲಿ ಬರೆಯುವಾಗ "ಮೆಗಾಬಿಟ್", "ಮೆಗಾಬೈಟ್" ಅಂತ ಪೂರ್ತಿ ಬರೆಯುತ್ತೇನೆ. ನಾಲ್ಕು ಅಕ್ಷರ ಜಾಸ್ತಿ ಆದರೂ ಪರವಾಗಿಲ್ಲ. ನೀವೂ ಹಾಗೇ ಬರೆಯಿರಿ ಅಂತ ಕೇಳಿಕೊಳ್ಳುತ್ತೇನೆ.

ಹೆಜ್ಜೆ 3: ಸಾವಿರವೋ, 1024ಓ?

ಕೆಜಿ ಅಂದರೆ ಸಾವಿರ ಗ್ರಾಂ. ಕಿಲೋಮೀಟರ್ ಅಂದರೆ ಸಾವಿರ ಮೀಟರ್. ಕಂಪ್ಯೂಟರ್ ಮೆಮೊರಿಯಲ್ಲಿ ಮಾತ್ರ ಎಲ್ಲವೂ ಎರಡರ ಘಾತದಲ್ಲಿ (2, 4, 8, 16 ಹೀಗೆ) ಇರುವುದರಿಂದ 1024ಕ್ಕೂ "ಕಿಲೋ" ಅಂತ ಹೆಸರಿಟ್ಟುಬಿಟ್ಟರು. ಕಿಲೋ ಮಟ್ಟದಲ್ಲಿ ವ್ಯತ್ಯಾಸ 2.4 ಪರ್ಸೆಂಟ್ ಮಾತ್ರ. ಮೆಗಾಗೆ ಬಂದರೆ 4.9. ಗಿಗಾಗೆ 7.4. ಟೆರಾಗೆ ಹತ್ತಿರ ಹತ್ತಿರ 10 ಪರ್ಸೆಂಟ್. 1 ಟಿಬಿ ಹಾರ್ಡ್ ಡಿಸ್ಕ್ ತಂದು ಹಾಕಿದರೆ ವಿಂಡೋಸ್ 931 ಜಿಬಿ ಅನ್ನುತ್ತದಲ್ಲ, ಅದು ಇದರಿಂದಲೇ. ಡಿಸ್ಕ್ ಮಾಡಿದವರು ಸಾವಿರದ ಲೆಕ್ಕ ಹಿಡಿದರು, ವಿಂಡೋಸ್ 1024ರ ಲೆಕ್ಕ ಹಿಡಿಯಿತು. ಎಲ್ಲೂ ಡೇಟಾ ಕಳೆದುಹೋಗಿಲ್ಲ.

ಗೊಂದಲ ಬಿಡಿಸಲು ವಿದ್ಯುತ್, ಎಲೆಕ್ಟ್ರಾನಿಕ್ಸ್ ಮಾನದಂಡ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಇಸಿ 1998ರ ಡಿಸೆಂಬರ್‌ನಲ್ಲಿ 1024ರ ಲೆಕ್ಕಕ್ಕೆ ಬೇರೆ ಹೆಸರು ಕೊಟ್ಟಿತು. ಕಿಬಿಬೈಟ್, ಮೆಬಿಬೈಟ್, ಗಿಬಿಬೈಟ್. ಬರೆಯುವಾಗ ನಡುವೆ ಚಿಕ್ಕ ಐ ಬರುತ್ತದೆ. ಲಿನಕ್ಸ್ ಪ್ರೋಗ್ರಾಂಗಳಲ್ಲಿ ಇದು ಆಗಾಗ ಕಾಣಿಸುತ್ತದೆ. ಆ ಐ ಇದ್ದರೆ 1024 ಅಂತ ಧೈರ್ಯವಾಗಿ ತಿಳಿಯಬಹುದು. ಐ ಇಲ್ಲದಿದ್ದರೆ ಸಾವಿರ ಅಂತ ನಂಬಲು ಆಗುವುದಿಲ್ಲ. ವಿಂಡೋಸ್ ಇವತ್ತಿಗೂ 1024ರ ಲೆಕ್ಕ ಹಾಕಿ ಹಳೆಯ ಹೆಸರನ್ನೇ ಬರೆಯುತ್ತದೆ. ಆ್ಯಪಲ್ 2009ರಲ್ಲಿ ಬಂದ ಮ್ಯಾಕ್‌ನ ಸ್ನೋ ಲೆಪರ್ಡ್ ಆವೃತ್ತಿಯಿಂದ ಸಾವಿರದ ಲೆಕ್ಕಕ್ಕೆ ಬದಲಾಯಿಸಿಕೊಂಡಿತು. ಹಳೆಯ 1.44 ಎಂಬಿ ಫ್ಲಾಪಿಯ ಕಥೆ ಇನ್ನೂ ವಿಚಿತ್ರ. ಅದು 1440 ಸಲ 1024 ಬೈಟ್. ಅಂದರೆ ಅಲ್ಲಿನ ಒಂದು "ಮೆಗಾ" ಸಾವಿರ ಗುಣಿಸು 1024. ಎರಡು ಪದ್ಧತಿಯನ್ನೂ ಒಂದೇ ಅಂಕಿಯಲ್ಲಿ ಬೆರೆಸಿಬಿಟ್ಟಿದ್ದರು.

ನೆಟ್‌ವರ್ಕ್ ವೇಗಕ್ಕೆ ಮಾತ್ರ ನಿಯಮ ಸುಲಭ. ಬಿಟ್ ಇದ್ದರೆ ಯಾವಾಗಲೂ ಸಾವಿರ. ಒಂದು ಗಿಗಾಬಿಟ್ ಅಂದರೆ ಸರಿಯಾಗಿ ನೂರು ಕೋಟಿ ಬಿಟ್. ಹಳೆಯ ಟೆಲಿಫೋನ್ ಲೈನಿನಲ್ಲಿ ಮಾತನ್ನು ಸೆಕೆಂಡಿಗೆ 8000 ಸಲ, ಪ್ರತಿ ಸಲ 8 ಬಿಟ್‌ನಲ್ಲಿ ಅಳೆಯುತ್ತಿದ್ದರು. ಅದು 64 ಕಿಲೋಬಿಟ್, ಅಂದರೆ 64,000. ಅಂಥ 32 ದಾರಿ ಸೇರಿದರೆ 2.048 ಮೆಗಾಬಿಟ್. ಆಫೀಸುಗಳಲ್ಲಿ "2 ಎಂಬಿ ಲೀಸ್ಡ್ ಲೈನ್" ಅಂತ ಕರೆಯುತ್ತಿದ್ದ ಇ1 ಲೈನ್ ಅದೇ. ಆ 48 ಎಲ್ಲಿಂದ ಬಂತು ಅಂತ ಕೇಳಿದರೆ ತುಂಬಾ ಜನ 1024ರಿಂದ ಅನ್ನುತ್ತಾರೆ. ಅಲ್ಲ. 64ನ್ನು 32ರಿಂದ ಗುಣಿಸಿದ್ದು, ಅಷ್ಟೇ.

ನೆಟ್‌ವರ್ಕ್ ಪರೀಕ್ಷೆಗೆ ಐಪರ್ಫ್3 ಬಳಸುವವರು ಒಂದು ಸಾಲನ್ನು ಗಮನಿಸಬೇಕು. 10 ಸೆಕೆಂಡಿನ ಪರೀಕ್ಷೆಯಲ್ಲಿ "1.10 ಗಿಗಾಬೈಟ್, ಸೆಕೆಂಡಿಗೆ 942 ಮೆಗಾಬಿಟ್" ಅಂತ ಒಂದೇ ಸಾಲಿನಲ್ಲಿ ಬರುತ್ತದೆ. ಮೊದಲ ಅಂಕಿ 1024ರ ಲೆಕ್ಕ, ಎರಡನೆಯದು ಸಾವಿರದ ಲೆಕ್ಕ. 1.10 ಅನ್ನು 8ರಿಂದ ಗುಣಿಸಿ 10ರಿಂದ ಭಾಗಿಸಿ ನೋಡಿ. 880 ಬರುತ್ತದೆ, 942 ಬರುವುದಿಲ್ಲ. ಪ್ರೋಗ್ರಾಂ ತಪ್ಪಲ್ಲ. ಮೊದಲು 1.0737ರಿಂದ (ಗಿಗಾದ ಆ 7.4 ಪರ್ಸೆಂಟ್) ಗುಣಿಸಿಕೊಳ್ಳಬೇಕು. ಆಗ 945ರ ಹತ್ತಿರ ಬರುತ್ತದೆ. ಉಳಿದ ಚೂರು 1.10 ಅಂತ ದುಂಡು ಮಾಡಿದ್ದರಿಂದ ಬಂದದ್ದು.

ಈಗ ತಿಪಟೂರಿಗೆ ಬರೋಣ. ಚಿಕ್ಕಪ್ಪನ ಡೌನ್‌ಲೋಡ್ ಪ್ರೋಗ್ರಾಂ 1024ರ ಲೆಕ್ಕದ್ದು. 11.2 ಅನ್ನು 1.0486ರಿಂದ (ಮೆಗಾದ ಆ 4.9 ಪರ್ಸೆಂಟ್) ಗುಣಿಸಿದರೆ 11.74. ಅದನ್ನು 8ರಿಂದ ಗುಣಿಸಿದರೆ 94 ಮೆಗಾಬಿಟ್. ಇಷ್ಟು ಹೊತ್ತು 89.6 ಆಗಿದ್ದದ್ದು 94 ಆಯಿತು. ನೆಟ್‌ವರ್ಕ್ ಕೆಲಸ ಮಾಡುವವರಿಗೆ 94 ಎಂಬ ಅಂಕಿ ಕಿವಿಗೆ ಬಿದ್ದರೆ ಸಾಕು, ಏನೋ ಹೊಳೆಯುತ್ತದೆ.

ಹೆಜ್ಜೆ 4: ಮೂಟೆ ಸಮೇತ ತೂಗಿದ್ದೋ, ಮಾಲು ಮಾತ್ರವೋ?

ಮಂಡಿಯಲ್ಲಿ ಚೀಲದ ತೂಕ ಕಳೆದು ಮಾಲಿನ ತೂಕ ಬರೆಯುತ್ತಾರೆ, ಅಲ್ವಾ? ನೆಟ್‌ವರ್ಕ್‌ನಲ್ಲೂ ಚೀಲದ ತೂಕ ಇದೆ.

ಈಥರ್ನೆಟ್ ತಂತಿಯಲ್ಲಿ (ರೂಟರ್‌ನಿಂದ ಕಂಪ್ಯೂಟರ್‌ಗೆ ಹಾಕುವ ಕೇಬಲ್) ಡೇಟಾ ಸಾಮಾನ್ಯವಾಗಿ 1500 ಬೈಟ್‌ನ ಕಟ್ಟುಗಳಲ್ಲಿ ಹೋಗುತ್ತದೆ. ಆ ಕಟ್ಟಿನ ಹೊರಗೆ 14 ಬೈಟ್ ವಿಳಾಸದ ಚೀಟಿ, 4 ಬೈಟ್ ತಪ್ಪು ಹಿಡಿಯುವ ಅಂಕಿ, 8 ಬೈಟ್ ಮುನ್ಸೂಚನೆ, ಇನ್ನೊಂದು ಕಟ್ಟು ಬರುವ ಮೊದಲು 12 ಬೈಟ್‌ನಷ್ಟು ಖಾಲಿ ಜಾಗ. ಒಟ್ಟು 1538. ಒಳಗಿನ 1500ರಲ್ಲೂ 20 ಬೈಟ್ ಐಪಿಯದ್ದು (ಯಾವ ವಿಳಾಸಕ್ಕೆ ಅನ್ನುವ ನಿಯಮ), 20 ಟಿಸಿಪಿಯದ್ದು (ಎಲ್ಲವೂ ಸರಿಯಾಗಿ ತಲುಪಿತಾ ಅಂತ ನೋಡುವ ನಿಯಮ), ಸಾಮಾನ್ಯವಾಗಿ ಇನ್ನೊಂದು 12 ಸಮಯದ ಗುರುತಿಗೆ. ನಿಮ್ಮ ಫೈಲಿಗೆ ಉಳಿಯುವುದು 1448.

1448ನ್ನು 1538ರಿಂದ ಭಾಗಿಸಿದರೆ 0.9415. ಅಂದರೆ ಗಿಗಾಬಿಟ್ ಲೈನ್ ಎಷ್ಟೇ ಚೆನ್ನಾಗಿದ್ದರೂ ಪರೀಕ್ಷೆಯಲ್ಲಿ 941ರ ಆಸುಪಾಸು ಬರುತ್ತದೆ. ಅದು ಪೂರ್ತಿ ಅಂಕ. ಅದಕ್ಕಿಂತ ಜಾಸ್ತಿ ಸಿಗಲಿಲ್ಲ ಅಂತ ಕೊರಗಬೇಕಾಗಿಲ್ಲ. ಹಾಗೇ 100 ಮೆಗಾಬಿಟ್ ಲೈನಿನಲ್ಲಿ ಬರುವುದು 94.

ಚಿಕ್ಕಪ್ಪನ ಅಂಕಿ ಅದೇ. 94 ಎಂಬುದು 200ರ ಪ್ಲಾನಿನಲ್ಲಿ ಬರಬೇಕಾದ ಅಂಕಿಯಲ್ಲ. ಪೂರ್ತಿ ತುಂಬಿ ಹರಿಯುತ್ತಿರುವ 100ರ ತಂತಿಯ ಅಂಕಿ. ನೆಟ್ ನಿಧಾನವಾಗಿದ್ದರೆ, ಆ ಕಡೆಯ ಸರ್ವರ್ ಸುಸ್ತಾಗಿದ್ದರೆ, 60, 75, 130 ಹೀಗೆ ಏನೋ ಒಂದು ಬರುತ್ತಿತ್ತು, ಹೊತ್ತು ಹೊತ್ತಿಗೆ ಬದಲಾಗುತ್ತಿತ್ತು. ಪ್ರತಿ ಸಲವೂ 11.2ಕ್ಕೇ ನಿಲ್ಲುತ್ತಿದೆ ಅಂದರೆ ದಾರಿಯಲ್ಲಿ ಎಲ್ಲೋ ಒಂದು ಕಡೆ 100 ಮೆಗಾಬಿಟ್‌ನ ಕಿರಿದಾದ ಜಾಗ ಇದೆ. ಅದು ಎಲ್ಲಿ ಅನ್ನುವುದನ್ನು ಕೊನೆಯಲ್ಲಿ ನೋಡೋಣ.

ವೈಫೈ ಬಗ್ಗೆಯೂ ಇಲ್ಲೇ ಹೇಳಬೇಕು. ಫೋನಿನ ವೈಫೈ ವಿವರದಲ್ಲಿ "ಲಿಂಕ್ ಸ್ಪೀಡ್ 866" ಅಂತ ಇರುತ್ತದೆ. ಅದು ರೇಡಿಯೋ ಅಲೆಯ ಮೇಲಿನ ಲೆಕ್ಕ. ಗಾಳಿ ಒಂದೇ, ಮಾತಾಡುವವರು ಹಲವರು. ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕು. ತಲುಪಿತು ಅನ್ನುವ ಉತ್ತರಕ್ಕೂ ಅದೇ ಗಾಳಿ ಬೇಕು. ಹೀಗಾಗಿ ಫೈಲಿನ ಲೆಕ್ಕದಲ್ಲಿ ಅದರ ಅರ್ಧ, ತುಂಬಾ ಚೆನ್ನಾಗಿದ್ದರೆ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಗುತ್ತದೆ. ಪ್ಲಾನಿನ ವೇಗ ಸರಿಯಿದೆಯಾ ಅಂತ ನೋಡುವಾಗ ವೈಫೈ ಬಿಟ್ಟು ತಂತಿ ಹಾಕಿ ನೋಡಿ. ಇದನ್ನು ಎಷ್ಟು ಸಲ ಹೇಳಿದರೂ ಸಾಲದು.

ಇಂಟರ್ನೆಟ್ ಮೂಲಕ ಫೋನ್ ಮಾತು ಕಳಿಸುವ ಆಫೀಸುಗಳಲ್ಲಿ ಚೀಲದ ತೂಕ ಇನ್ನೂ ಜಾಸ್ತಿ. ಜಿ.711 ಎಂಬ ಪದ್ಧತಿಯಲ್ಲಿ ಮಾತು 64 ಕಿಲೋಬಿಟ್. ಆದರೆ ಅದನ್ನು 20 ಮಿಲಿಸೆಕೆಂಡಿನ ಸಣ್ಣ ಸಣ್ಣ ತುಂಡು ಮಾಡಿ ಕಳಿಸುತ್ತಾರೆ. ಪ್ರತಿ ತುಂಡಿನಲ್ಲಿ 160 ಬೈಟ್ ಮಾತು, 40 ಬೈಟ್ ಚೀಟಿ. ಮೇಲೆ ಈಥರ್ನೆಟ್‌ನ 18. ಸೆಕೆಂಡಿಗೆ ಅಂಥ 50 ತುಂಡು. ಕೂಡಿಸಿದರೆ 87.2 ಕಿಲೋಬಿಟ್. 64ರ ಲೆಕ್ಕದಲ್ಲಿ ಲೈನ್ ತೆಗೆದುಕೊಂಡವರಿಗೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕೊರತೆ ಬೀಳುತ್ತದೆ.

ಹೆಜ್ಜೆ 5: ಎಷ್ಟು ಹೊತ್ತಿನ ಸರಾಸರಿ?

"ಸೆಕೆಂಡಿಗೆ" ಅಂತ ಬರೆದ ಮಾತ್ರಕ್ಕೆ ಪ್ರತಿ ಸೆಕೆಂಡ್ ಅಳೆದಿದ್ದಾರೆ ಅಂತ ಅಲ್ಲ. ಸ್ಪೀಡ್ ಟೆಸ್ಟ್ ಕೆಲವೇ ಸೆಕೆಂಡಿನ ಮಾತು. ಆಫೀಸಿನ ಗ್ರಾಫ್ ಸಾಮಾನ್ಯವಾಗಿ 5 ನಿಮಿಷದ ಸರಾಸರಿ. ಗಿಗಾಬಿಟ್ ಲೈನ್ 30 ಸೆಕೆಂಡ್ ಪೂರ್ತಿ ತುಂಬಿ, ಉಳಿದ ನಾಲ್ಕೂವರೆ ನಿಮಿಷ ಖಾಲಿ ಇದ್ದರೂ ಗ್ರಾಫ್ 100 ಮೆಗಾಬಿಟ್ ತೋರಿಸುತ್ತದೆ. ಆ 30 ಸೆಕೆಂಡಿನಲ್ಲಿ ಮೀಟಿಂಗ್ ಕಡಿದುಹೋದವರಿಗೆ ಲೈನ್ ಖಾಲಿ ಇತ್ತು ಅಂದರೆ ಬೇಜಾರಾಗುತ್ತದೆ. ಆಗಬೇಕಾದದ್ದೇ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಬೆಂಗಳೂರಿನ ಒಂದು ಆಫೀಸಿನಲ್ಲಿ ಇದಕ್ಕಿಂತ ಕೆಟ್ಟದ್ದು ನೋಡಿದೆ. ಲೈನ್ ಗಿಗಾಬಿಟ್. ಜನ ನಿಧಾನ ಅಂತ ದೂರುತ್ತಿದ್ದರು. ಗ್ರಾಫ್ ನೋಡಿದರೆ ಯಾವತ್ತೂ 114 ಮೆಗಾಬಿಟ್ ದಾಟುತ್ತಿರಲಿಲ್ಲ. ವಾರಗಟ್ಟಲೆ ತಪ್ಪು ಜಾಗದಲ್ಲಿ ಹುಡುಕಿದೆವು.

ತೊಂದರೆ ಇದ್ದದ್ದು ಎಣಿಸುವ ಮೀಟರಿನಲ್ಲಿ. ರೂಟರ್‌ನಿಂದ ಎಸ್‌ಎನ್‌ಎಂಪಿ (ನೆಟ್‌ವರ್ಕ್ ಯಂತ್ರಗಳ ಅಂಕಿ ಓದುವ ಪದ್ಧತಿ) ಮೂಲಕ ಓದುವ "ಇಫ್-ಇನ್-ಆಕ್ಟೆಟ್ಸ್" ಎಂಬ ಮೀಟರು ಬೈಟ್ ಎಣಿಸುತ್ತದೆ. ಹೆಸರಿನಲ್ಲೇ ಆಕ್ಟೆಟ್ ಇದೆ ನೋಡಿ. ಅದು 32 ಬಿಟ್‌ನ ಮೀಟರು. ಸುಮಾರು 429 ಕೋಟಿ ಬೈಟ್ ಆದ ಮೇಲೆ ಹಳೆಯ ಸ್ಕೂಟರಿನ ಮೀಟರಿನ ಥರ ಸೊನ್ನೆಗೆ ತಿರುಗುತ್ತದೆ. ಗಿಗಾಬಿಟ್ ಲೈನ್ ತುಂಬಿ ಹರಿದರೆ 34 ಸೆಕೆಂಡಿಗೇ ಒಂದು ಸುತ್ತು ಮುಗಿಯುತ್ತದೆ. ನಾವು ಓದುತ್ತಿದ್ದದ್ದು 5 ನಿಮಿಷಕ್ಕೊಮ್ಮೆ. ನಡುವೆ ಎಷ್ಟು ಸುತ್ತು ಹೊಡೆಯಿತು ಅಂತ ಗೊತ್ತಾಗುವುದೇ ಇಲ್ಲ. 429 ಕೋಟಿ ಬೈಟನ್ನು 8ರಿಂದ ಗುಣಿಸಿ 300 ಸೆಕೆಂಡಿನಿಂದ ಭಾಗಿಸಿ. 114.5 ಮೆಗಾಬಿಟ್. ಗ್ರಾಫ್ ಅದಕ್ಕಿಂತ ಮೇಲೆ ಹೋಗಲು ಸಾಧ್ಯವೇ ಇರಲಿಲ್ಲ. 64 ಬಿಟ್‌ನ "ಇಫ್-ಎಚ್‌ಸಿ-ಇನ್-ಆಕ್ಟೆಟ್ಸ್" ಓದಲು ಶುರು ಮಾಡಿದ ದಿನವೇ ಲೈನ್ ಎಷ್ಟು ತುಂಬಿದೆ ಅಂತ ಕಣ್ಣಿಗೆ ಕಂಡಿತು.

ನಿಮ್ಮ ಗ್ರಾಫ್ ಕೂಡ 114ರ ಹತ್ತಿರ ಚಪ್ಪಟೆಯಾಗಿದ್ದರೆ ಮೊದಲು ಇದನ್ನು ನೋಡಿ. ಜೊತೆಗೆ, ಮೀಟರು ಬೈಟ್‌ನಲ್ಲಿ ಎಣಿಸಿದರೂ ಅದರ ಪಕ್ಕದ "ಇಫ್-ಸ್ಪೀಡ್" ಲೈನಿನ ವೇಗವನ್ನು ಬಿಟ್‌ನಲ್ಲಿ ಹೇಳುತ್ತದೆ. 8ರಿಂದ ಗುಣಿಸದೆ ಒಂದನ್ನು ಇನ್ನೊಂದರಿಂದ ಭಾಗಿಸಿದರೆ 80 ಪರ್ಸೆಂಟ್ ತುಂಬಿದ ಲೈನ್ 10 ಪರ್ಸೆಂಟ್ ಅಂತ ಕಾಣುತ್ತದೆ.

ದೊಡ್ಡ ಲೈನ್‌ಗಳಿಗೆ ಬಿಲ್ ಹಾಕುವ ಒಂದು ಪದ್ಧತಿ 95ನೇ ಪರ್ಸೆಂಟೈಲ್. ತಿಂಗಳಲ್ಲಿ 5 ನಿಮಿಷದ 8640 ಅಳತೆ ಸಿಗುತ್ತವೆ. ಅವನ್ನು ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ ಮೇಲಿನ 432 ತೆಗೆದು ಹಾಕಿ, ನಂತರ ಬರುವ ಅಂಕಿಗೆ ದುಡ್ಡು. 432 ಅಂದರೆ 36 ಗಂಟೆ. ರಾತ್ರಿ ಬ್ಯಾಕಪ್ ದಿನಕ್ಕೆ ಒಂದು ಗಂಟೆ ಓಡಿದರೆ ತಿಂಗಳಿಗೆ 30 ಗಂಟೆ, ಬಿಲ್ಲಿಗೆ ಬರುವುದಿಲ್ಲ. ಒಂದೂವರೆ ಗಂಟೆ ಓಡಿದರೆ 45 ಗಂಟೆ, ಬರುತ್ತದೆ.

ಹೆಜ್ಜೆ 6: ಡೇಟಾ ಮಿತಿ ಇದ್ದರೆ ಹರಿವನ್ನು ಮೊತ್ತಕ್ಕೆ ತಿರುಗಿಸಿ

ನೆನಪಿಡಲು ಒಂದೇ ಅಂಕಿ ಸಾಕು. ಸೆಕೆಂಡಿಗೆ 1 ಮೆಗಾಬಿಟ್ ಇಡೀ ದಿನ ಹರಿದರೆ 10.8 ಗಿಗಾಬೈಟ್. 11,574 ಕ್ಯುಸೆಕ್ ಲೆಕ್ಕದ ತಮ್ಮ ಇದು.

ಮನೆಯ ಫೈಬರ್ ಪ್ಲಾನ್‌ಗಳಲ್ಲಿ "ಅನ್‌ಲಿಮಿಟೆಡ್" ಎಂಬುದರ ಕೆಳಗೆ ಸಣ್ಣಕ್ಷರದಲ್ಲಿ ತಿಂಗಳಿಗೆ 3.3 ಟೆರಾಬೈಟ್ ಮಿತಿ ಅಂತ ಓದಿರುತ್ತೀರಿ. ಅದನ್ನು 30 ದಿನಕ್ಕೆ ಹಂಚಿದರೆ ದಿನಕ್ಕೆ 110 ಗಿಗಾಬೈಟ್. 10.8ರಿಂದ ಭಾಗಿಸಿದರೆ ಸರಾಸರಿ 10 ಮೆಗಾಬಿಟ್ ಚಿಲ್ಲರೆ. ಒಂದು ಮನೆಗೆ ಧಾರಾಳ. ಆದರೆ ಅದೇ ಲೈನಿನಿಂದ ಸಿಸಿಟಿವಿ ಕ್ಯಾಮೆರಾಗಳ ವಿಡಿಯೋ ದಿನವಿಡೀ ಹೊರಗೆ ಕಳಿಸುವ ಯೋಚನೆ ಇದ್ದರೆ ಈ ಲೆಕ್ಕ ಮೊದಲೇ ಹಾಕಿ. 4 ಮೆಗಾಬಿಟ್‌ನ ಮೂರು ಕ್ಯಾಮೆರಾ ಸಾಕು, ಮಿತಿ ದಾಟುತ್ತದೆ.

ಮೊಬೈಲ್‌ನಲ್ಲಿ ದಿನಕ್ಕೆ 1.5 ಜಿಬಿ ಪ್ಲಾನ್. 40 ಮೆಗಾಬಿಟ್ ವೇಗದಲ್ಲಿ ಎಳೆದರೆ ಅದು ಮುಗಿಯಲು 5 ನಿಮಿಷ. ಮುಗಿದ ಮೇಲೆ ಸಾಮಾನ್ಯವಾಗಿ 64 ಕಿಲೋಬಿಟ್‌ಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 8 ಕಿಲೋಬೈಟ್. 2 ಎಂಬಿಯ ಒಂದು ಫೋಟೋ ಬರಲು ನಾಲ್ಕು ನಿಮಿಷಕ್ಕಿಂತ ಜಾಸ್ತಿ. ಇಲ್ಲೂ 64 ಬಿಟ್‌ನದು, 2 ಎಂಬಿ ಬೈಟ್‌ನದು. ಮರೆಯಬೇಡಿ.

ಹೆಜ್ಜೆ 7: ಬಿಟ್ ಲೆಕ್ಕ ಸಾಲದ ಜಾಗಗಳು

ಎರಡು ಕಡೆ ಬಿಟ್ ಬಿಟ್ಟು ಬೇರೆ ಅಳತೆ ಹಿಡಿಯಬೇಕು.

ಒಂದು, ಫೈರ್‌ವಾಲ್, ರೂಟರ್ ಕೊಳ್ಳುವಾಗ. ಗಿಗಾಬಿಟ್ ತಂತಿಯಲ್ಲಿ ಎಲ್ಲವೂ ಅತಿ ಸಣ್ಣ 64 ಬೈಟ್ ಕಟ್ಟುಗಳಾದರೆ ಸೆಕೆಂಡಿಗೆ 14,88,095 ಪ್ಯಾಕೆಟ್. ದೊಡ್ಡ 1500ರ ಕಟ್ಟುಗಳಾದರೆ 81,000 ಚಿಲ್ಲರೆ. ಬಿಟ್ ಲೆಕ್ಕದಲ್ಲಿ ಎರಡೂ ಒಂದು ಗಿಗಾಬಿಟ್ಟೇ. ಆದರೆ ಪ್ರತಿ ಕಟ್ಟನ್ನೂ ಬಿಚ್ಚಿ ವಿಳಾಸ ನೋಡುವ ಯಂತ್ರಕ್ಕೆ ಮೊದಲನೆಯದು ಹದಿನೆಂಟು ಪಟ್ಟು ಜಾಸ್ತಿ ಕೆಲಸ. ಫೋನ್ ಮಾತು, ಡಿಎನ್‌ಎಸ್ (ವೆಬ್‌ಸೈಟ್ ಹೆಸರಿನಿಂದ ವಿಳಾಸ ಹುಡುಕುವ ವ್ಯವಸ್ಥೆ) ಜಾಸ್ತಿ ಇರುವ ಕಡೆ ಸೆಕೆಂಡಿಗೆ ಎಷ್ಟು ಪ್ಯಾಕೆಟ್ ತಾಳುತ್ತದೆ ಅಂತ ಕೇಳಿ ಕೊಳ್ಳಿ.

ಇನ್ನೊಂದು, ದೂರದ ಮಾತು. ಬೆಂಗಳೂರಿನಿಂದ ಅಮೆರಿಕಕ್ಕೆ ಡೇಟಾ ಹೋಗಿ ಬರಲು 200 ಮಿಲಿಸೆಕೆಂಡ್‌ಗಿಂತ ಜಾಸ್ತಿ ಹಿಡಿಯುತ್ತದೆ. ಫೈಬರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಹೋಗುತ್ತದೆ. ಪ್ಲಾನ್ ದೊಡ್ಡದು ಮಾಡಿದರೆ ಬೆಳಕು ಜೋರಾಗಿ ಓಡುವುದಿಲ್ಲ. ಡಾಲಸ್‌ನಲ್ಲಿರುವ ಮಗನ ಜೊತೆ ವಿಡಿಯೋ ಕಾಲ್ ಮಾಡುವಾಗ ಮಾತು ತಡವಾಗಿ ಬಂದರೆ 100ರಿಂದ 300ಕ್ಕೆ ಹೋಗಿ ಪ್ರಯೋಜನವಿಲ್ಲ. ಅಲ್ಲಿ ನೋಡಬೇಕಾದದ್ದು ಪಿಂಗ್ ತೋರಿಸುವ ಮಿಲಿಸೆಕೆಂಡ್. ಫೈಲ್ ಕಳಿಸುವಾಗಲೂ ದೂರ ಅಡ್ಡ ಬರುತ್ತದೆ. ಉತ್ತರ ಬರುವ ಮೊದಲು 64 ಕೆಬಿ ಮಾತ್ರ ಕಳಿಸುವ ಹಳೆಯ ಪ್ರೋಗ್ರಾಂ ಆದರೆ, 200 ಮಿಲಿಸೆಕೆಂಡಿಗೆ 64 ಕೆಬಿ. ಲೈನ್ ಎಷ್ಟೇ ದೊಡ್ಡದಿರಲಿ, ಬರುವುದು 2.6 ಮೆಗಾಬಿಟ್ ಮಾತ್ರ.

ಹೆಜ್ಜೆ 8: ಅಂಕಿಯ ಜೊತೆ ಉಳಿದದ್ದನ್ನೂ ಬರೆದಿಡಿ

"ಸ್ಪೀಡ್ 94" ಅಂತ ದೂರು ಕೊಟ್ಟರೆ ಯಾರೂ ಏನೂ ಮಾಡಲಾರರು. ಎಷ್ಟು, ಯಾವ ಯೂನಿಟ್, ಡೌನ್‌ಲೋಡೋ ಅಪ್‌ಲೋಡೋ, ತಂತಿಯೋ ವೈಫೈಯೋ, ಯಾವಾಗ, ಎಷ್ಟು ಹೊತ್ತಿನ ಸರಾಸರಿ. ಇವಿಷ್ಟೂ ಒಂದೇ ಸಾಲಿನಲ್ಲಿ ಬರಬೇಕು. ಅವತ್ತು ಚಿಕ್ಕಪ್ಪನಿಗೆ ನಾನು ಬರೆಸಿದ್ದು ಹೀಗೆ:

"ಪ್ಲಾನ್ 200 ಮೆಗಾಬಿಟ್. ಡೌನ್‌ಲೋಡ್, ತಂತಿ ಮೂಲಕ, ಬೆಳಿಗ್ಗೆ 7, ಮಧ್ಯಾಹ್ನ 3, ರಾತ್ರಿ 9 ಗಂಟೆಗೆ ಮೂರು ಸಲ, ಪ್ರತಿ ಸಲ ಒಂದು ನಿಮಿಷದ ಸರಾಸರಿ. ಮೂರು ಸಲವೂ 94 ಮೆಗಾಬಿಟ್."

ಮೂರೂ ಹೊತ್ತು ಒಂದೇ ಅಂಕಿ. ಹಾಗಾದರೆ ಕಂಪನಿಗೆ ದೂರು ಕೊಡುವ ಮೊದಲು ಮನೆಯೊಳಗೇ ಒಂದು ಸಲ ನೋಡಬೇಕು. ಗಿಗಾಬಿಟ್ ಈಥರ್ನೆಟ್‌ಗೆ ತಂತಿಯೊಳಗಿನ ನಾಲ್ಕು ಜೊತೆ ಎಳೆಗಳೂ ಬೇಕು. 100 ಮೆಗಾಬಿಟ್‌ಗೆ ಎರಡು ಜೊತೆ ಸಾಕು. ಉಳಿದೆರಡು ಜೊತೆಯಲ್ಲಿ ಒಂದು ಎಳೆ ಕಡಿದಿದ್ದರೂ ಎರಡೂ ಕಡೆಯ ಯಂತ್ರಗಳು ಸಾಮಾನ್ಯವಾಗಿ ತಮ್ಮಷ್ಟಕ್ಕೆ 100ಕ್ಕೆ ಇಳಿದು ಕೆಲಸ ಮುಂದುವರಿಸುತ್ತವೆ. ಯಾರಿಗೂ ಹೇಳುವುದಿಲ್ಲ. ಹಳೆಯ 100ರ ಪ್ಲಾನಿನಲ್ಲಿ ಇದು ಕಣ್ಣಿಗೆ ಬೀಳುವ ಹಾಗೇ ಇರಲಿಲ್ಲ.

"ರೂಟರ್‌ನಿಂದ ಕಂಪ್ಯೂಟರ್‌ಗೆ ಬರುವ ವೈರ್ ಕಿತ್ತು, ತುದಿ ಬೆಳಕಿಗೆ ಹಿಡಿದು ನೋಡಿ ಚಿಕ್ಕಪ್ಪ. ಎಷ್ಟು ಬಣ್ಣದ ಎಳೆ ಕಾಣಿಸ್ತಿದೆ?"

ಸ್ವಲ್ಪ ಹೊತ್ತು ಸದ್ದಿಲ್ಲ. ಆಮೇಲೆ, "ನಾಲ್ಕೇ ಇದೆಯಪ್ಪ" ಅಂದರು.

ಎಂಟು ಇರಬೇಕಿತ್ತು. ತಂಗಿ ಪೇಟೆಗೆ ಹೋಗಿ ಎಂಟು ಎಳೆಯ ಹೊಸ ಕೇಬಲ್ ತಂದು ಹಾಕಿದಳು. ಅದೇ ಪ್ರೋಗ್ರಾಂನಲ್ಲಿ ಅದೇ ಫೈಲ್ ಇಳಿಸಿದಾಗ 22.6 ಅಂತ ತೋರಿಸಿತು. 1.0486ರಿಂದ, ಆಮೇಲೆ 8ರಿಂದ ಗುಣಿಸಿದರೆ 189.6 ಮೆಗಾಬಿಟ್. ಈ ಸಲ ಆ ಲೆಕ್ಕವನ್ನು ಚಿಕ್ಕಪ್ಪನೇ ಹಾಕಿ ಫೋನ್ ಮಾಡಿದ್ದರು.